ಇಸ್ತ್ರಿಗೆ ಬಗ್ಗದ ಹಾಳೆ

ನಾಟಕ ಕಂಪನಿಯ ಬಣ್ಣದ ಕೋಣೆ
ಮಾರ್ಚ್ ೧೨, ಬೆಳಿಗ್ಗೆ

ಮುದ್ದು ಮಗಳೇ ಚುಕ್ಕಿ,

ಹೇಗಿದ್ದೀಯ ತಾಯಿ? ಕೆಮ್ಮು ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಕರಿಹಲಗೆಯ ಜೊತೆ ಹಸಿವೆಯನ್ನೂ ಒರೆಸಿಹಾಕುತ್ತೀಯೋ? ನಾನು ಗುಂಡುಕಲ್ಲಿನಂತಿದ್ದೇನೆ. ರಾಜನ ಪಾತ್ರದಲ್ಲಿ ಗರ್ಜಿಸಿದರೆ ಈಗಲೂ ಬಾಗಿಲಲ್ಲಿ ಟಿಕೆಟ್ ಹರಿಯುವವನ ಚಹಾ ತುಳುಕುತ್ತದೆ!

ನಿನ್ನ ಪತ್ರ ಬಂತು. ಗಣಿತದ ಸಂಶೋಧನೆ ಬಿಟ್ಟು ಮನೆಗೆ ಬರುತ್ತೇನೆ ಎಂದಿದ್ದೀಯ. ನಡುವಿನಿಂದ ದೂರ ಹೋದಷ್ಟೂ ದುಪ್ಪಟ್ಟು ಹರಡಿಕೊಳ್ಳುವ ನಿನ್ನ ಆ ವಿಚಿತ್ರ ಜಗತ್ತು, ಅಂತರಗಳು ಕೆಡದಂತೆ ಕವಲೊಡೆಯುವ ಒಂದು ಮರದ ಆಕಾರದೊಳಗೆ ಕೂರಲೇ ಇಲ್ಲ, ಎರಡು ಮರಗಳನ್ನು ಜೋಡಿಸಿ ಮೊದಲಿನಿಂದ ಶುರುಮಾಡು ಎಂದರು ಗುರುಗಳು, ಅದು ನನ್ನಿಂದಾಗದು ಎನ್ನುತ್ತೀ ನೀನು. ಇಷ್ಟೇ ತಾನೆ?

ಹಾಗಾದರೆ ಇಲ್ಲಿನ ಪ್ರಸಂಗ ಕೇಳು! ನಿನ್ನ ಜಗತ್ತಿನ ಮಾದರಿ ಎಂದು ರಜೆಯಲ್ಲಿ ನೀನು ಹೆಣೆದಿಟ್ಟುಹೋದ ಉಣ್ಣೆಯ ಹಾಳೆ ನಿನ್ನಮ್ಮನ ಕೈಗೆ ಸಿಕ್ಕಿತು. ಕಂಪನಿಯ ಉಡುಪುಗಳನ್ನು ಕಾಯುವವಳು, ಸುಕ್ಕು ಕಂಡರೆ ಶತ್ರುವನ್ನು ಕಂಡಂತೆ. ಇಸ್ತ್ರಿಪೆಟ್ಟಿಗೆ ಹಿಡಿದು ರಣರಂಗಕ್ಕೆ ಇಳಿದೇಬಿಟ್ಟಳು. "ಇದೇನ್ರೀ, ಈ ಕಡೆ ಅದುಮಿದ್ರೆ ಆ ಕಡೆ ಎದ್ದು ಕೂರುತ್ತೆ! ಥೇಟ್ ನಿಮ್ಮ ಮಗಳೇ!" ಕೊನೆಗೆ ಅಂಚು ಸುಟ್ಟಿತು. ಸೋಲೊಪ್ಪುವ ಹೆಣ್ಣೇ ಅವಳು? ಸುಟ್ಟದ್ದನ್ನು ಬಿಚ್ಚಿ, ನೀನು ಮಾಡಿದಂತೆಯೇ ಸುತ್ತು ಸುತ್ತಿಗೂ ಕುಣಿಕೆ ಹೆಚ್ಚಿಸುತ್ತ ಹೆಣೆಯತೊಡಗಿದಳು. ನಡುವಿನಿಂದ ಅಂಚಿಗೆ ಬೆಳೆದದ್ದು ಗೇಣುದ್ದ, ಅಂಚಿನ ಸುಕ್ಕುಗಳಿಗೆ ಖಾಲಿಯಾದದ್ದು ಇಡೀ ಉಣ್ಣೆಯಂಗಡಿ!

ನಿನ್ನೆ ತಾಲೀಮು ಮುಗಿದ ಮೇಲೆ ಅದನ್ನು ರಂಗದ ಮೇಲೆ ಹರಡಿ, ನಾನು ಕೊನೆಯ ಸಾಲಿಗೆ ಹೋಗಿ ಕೂತೆ. "ದೂರದಿಂದ ನೋಡ್ಬೇಕು ಅಪ್ಪಾ, ಸಣ್ಣ ಸುಕ್ಕೆಲ್ಲ ಹೋಗಿ ದೊಡ್ಡ ಆಕಾರ ಕಾಣುತ್ತೆ" ಅಂದಿದ್ದೆಯಲ್ಲ, ಕಂಡಿತು ಮಗಳೇ! ಮರದ ಹಾಗೆ ಕವಲು ಕವಲೊಡೆದು, ಆ ಕವಲೂ ಕವಲೊಡೆದು ಹೋಗಿದ್ದು ಈ ಕಣ್ಣಾರೆ ಕಂಡೆ. ನಿನ್ನ ಗಣಿತ ನನ್ನ ತಲೆಗೆ ಹತ್ತದು, ನಿಜ. ಆದರೆ ಎರಡೇ ಎರಡು ರಟ್ಟಿನ ಮರ ನಿಲ್ಲಿಸಿ, ಕೊನೆಯ ಸಾಲಿನವನಿಗೂ ಘೋರಾರಣ್ಯ ತೋರಿಸಿದವರು ನಾವು. ಒಂದು ಸಾಲದಿದ್ದರೆ ಎರಡು ನೆಡು! ಪರದೆ ಹರಿಯಿತೆಂದು ನಾಟಕ ನಿಲ್ಲಿಸಿದ ಮನೆತನವಲ್ಲ ನಮ್ಮದು.

ಗುರುಗಳಿಗೆ ನನ್ನ ನಮಸ್ಕಾರ ಹೇಳು. ನಿನ್ನ ಬುದ್ಧಿಗೆ ಬಲ ಬರಲಿ, ಬಲಕ್ಕೆ ನಿನ್ನಮ್ಮನ ಹಟ ಬರಲಿ.

ಇಂತು,
ನಿನ್ನ ಗಂಟಲುಮಾರಿ ಅಪ್ಪ

ಅಂಚೆಯವನು ಬಾಗಿಲಲ್ಲಿದ್ದಾನೆ, ಒಂದೇ ಮಾತು: ಆ ಹಾಳೆ ಈಗ ಮನೆಯಲ್ಲಿ, ನಿನ್ನ ಮಂಚ ಮೇಜು ಎರಡನ್ನೂ ನುಂಗಿ ಕೂತಿದೆ. "ಇದಕ್ಕೆ ಸರಿಯಾದ ಜಾಗ ಕಂಡುಹಿಡಿದ ಮೇಲೇ ಬರ್ಲಿ, ಅಲ್ಲೀತನಕ ಅವಳಿಗೆ ಮಲಗೋಕೆ ಜಾಗ ಇಲ್ಲ" ಎಂದು ಅಮ್ಮನ ಆಜ್ಞೆ. ಹೆಣಿಗೆ ಇನ್ನೂ ನಿಲ್ಲಿಸಿಲ್ಲ. ಮುಂದಿನ ಸುತ್ತು ನನ್ನ ಮಂಚಕ್ಕೆ. ಬೇಗ ಮುಗಿಸು ತಾಯಿ!