ಕೈಗವಸಿನ ಹನ್ನೊಂದು ಫೋಟೋಗಳು

ಸ್ಟುಡಿಯೋದವರೇ,

ಹೆಸರು ಹಿಡಿದು ಆಗಲೂ ಕರೆದವಳಲ್ಲ, ಈಗ ಕರೆದರೆ ನಿಮಗೇ ಗಾಬರಿಯಾದೀತು. ಚೆನ್ನಾಗಿದ್ದೀರಾ ಎಂದು ಕೇಳಲು ನನಗೆ ಮುಖವಿಲ್ಲ.

ಮೊನ್ನೆ ಕಲಾಭವನದಿಂದ ಒಬ್ಬಾಕೆ ಮನೆ ಹುಡುಕಿಕೊಂಡು ಬಂದಿದ್ದಳು. ಇಪ್ಪತ್ತಾರು ವರ್ಷದ ಹಿಂದೆ ನೀವು ತೆಗೆದ, ಚರ್ಮದ ಕೈಗವಸು ತೊಟ್ಟ ನನ್ನ ಹನ್ನೊಂದು ಫೋಟೋಗಳನ್ನು ದೊಡ್ಡದು ಮಾಡಿ ಗೋಡೆಗೆ ಹಾಕುತ್ತಾರಂತೆ. ಅಂದು ಪ್ರದರ್ಶನ ನೋಡಿ "ಚರ್ಮದ ಚಪಲಕ್ಕೆ ಕಲೆಯ ಮುಸುಕು" ಎಂದು ಬರೆದು ನಿಮ್ಮ ಮಾನ ಹರಾಜು ಹಾಕಿದ ಪತ್ರಿಕೆಯೇ ಈಗ ಪುಟಗಟ್ಟಲೆ ಹೊಗಳಿದೆ. ನನ್ನ ಬೆರಳುಗಳಲ್ಲಿ "ಬಂಧಿತ ಹೆಣ್ಣಿನ ಮೂಕ ಆಕ್ರಂದನ" ಇದೆಯಂತೆ. ಕೈಗವಸಿನೊಳಗೆ ಬೆವರಿ ನವೆಯಾಗುತ್ತಿತ್ತು, ಅಷ್ಟೆ. ಬೈದವರೂ ನನ್ನನ್ನು ಕೇಳಲಿಲ್ಲ, ಹೊಗಳಿದವರೂ ಕೇಳಲಿಲ್ಲ. ನಗುವಷ್ಟು ತ್ರಾಣವೂ ಈಗ ನನ್ನಲ್ಲಿ ಉಳಿದಿಲ್ಲ.

ಆದರೆ ಬಂದಾಕೆ ಕೇಳಿದಳು. ನೀವು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಲ್ಲವಂತೆ. "ನಾನು ಕ್ಷಮೆ ಕೇಳ್ದೆ ಅಂತ ಮೊದ್ಲು ಅವ್ರಿಗೆ ಹೇಳಿ. ಅವ್ರು ಹೂಂ ಅಂದ್ರೆ ಮಾತ್ರ ಹಾಕಿ" ಅಂದಿರಂತೆ. ಇಷ್ಟು ಹೇಳಿ ಆಕೆ ದನಿ ತಗ್ಗಿಸಿದಳು. "ಅಮ್ಮಾ, ಅವ್ರು ನಿಮ್ಮನ್ನ ಬಲವಂತ ಮಾಡಿದ್ರಾ?"

ಅಂದು ಆ ಪತ್ರಿಕೆ ಬಂದ ದಿನ ನಮ್ಮಣ್ಣ ಕೇಳಿದ್ದೂ ಇದನ್ನೇ. ನಿಮ್ಮ ಸ್ಟುಡಿಯೋದಲ್ಲೇ, ನಿಮ್ಮೆದುರಿಗೇ. ನನಗೆ ಆಗ ಮೂವತ್ತನಾಲ್ಕು. ಗಂಡನನ್ನು ಬಿಟ್ಟು ಬಂದು ಅಣ್ಣನ ಮನೆಯಲ್ಲಿ ಉಣ್ಣುತ್ತಿದ್ದವಳು. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ತಲೆ ತಗ್ಗಿಸಿ ನಿಂತೆ. ಮೌನಂ ಸಮ್ಮತಿ ಲಕ್ಷಣಂ ಅಂದುಕೊಂಡು ಅಣ್ಣ ನಿಮ್ಮ ಮೇಲೆ ಕೈ ಮಾಡಿದ. ನೀವು ತಡೆಯಲಿಲ್ಲ. ನನ್ನ ಕಡೆ ನೋಡಿ "ನಂದೇ ತಪ್ಪು" ಅಂದಿರಿ. ನನ್ನನ್ನು ಉಳಿಸಲು ಸುಳ್ಳು ಹೇಳಿದಿರಿ ಎಂದುಕೊಂಡು ಇಷ್ಟು ವರ್ಷ ನಿಶ್ಚಿಂತೆಯಿಂದ ಇದ್ದುಬಿಟ್ಟೆ. ನೀವು ಅದನ್ನು ನಿಜವೆಂದೇ ನಂಬಿದ್ದೀರಿ ಎಂಬುದು ಮೊನ್ನೆ ಗೊತ್ತಾಯಿತು.

ಹೇಗೆ ನಂಬಿದಿರಿ, ಮಾರಾಯರೇ? ನೀವು ಪಾಸ್‌ಪೋರ್ಟ್ ಫೋಟೋ ತೆಗೆದುಕೊಂಡು ನಿಮ್ಮ ಪಾಡಿಗೆ ಇದ್ದವರು. ಪಕ್ಕದ ಕಾರ್ಖಾನೆಯಲ್ಲಿ ವೆಲ್ಡಿಂಗ್‌ನವರ ಕೈಗವಸು ಹೊಲಿಯುತ್ತಿದ್ದವಳು ನಾನು. ಮಿಕ್ಕ ತುಂಡು ಚರ್ಮದಲ್ಲಿ ಭುಜದವರೆಗೆ ಬರುವ ಜೋಡಿ ಹೊಲಿದವಳು ನಾನು. ನಿಮ್ಮ ಬಾಗಿಲಿನ ಚಿಲಕ ಹಾಕಿ, "ಇದ್ರಲ್ಲಿ ನನ್ನ ಫೋಟೋ ತೆಗೀರಿ" ಅಂದವಳೂ ನಾನೇ. ನೀವು ಎರಡು ಸಲ ಹಣೆ ಒರೆಸಿಕೊಂಡಿರಿ. ಪ್ರದರ್ಶನಕ್ಕೆ ಕಳಿಸಿ ಎಂದು ದುಂಬಾಲು ಬಿದ್ದವಳು ಕೂಡ ನಾನೇ ಅಲ್ಲವೇ? ಆ ಬಿಗಿ ಚರ್ಮ ತೋಳಿಗೆ ಹತ್ತಿದಾಗ ನನಗೆ ಸುಖವಾಗುತ್ತಿತ್ತು. ನೀವು ನೋಡುತ್ತಿದ್ದರೆ ಇನ್ನೂ ಸುಖವಾಗುತ್ತಿತ್ತು. ಇಷ್ಟು ಹೇಳಲು ನನಗೆ ಅರವತ್ತಾಗಬೇಕಾಯಿತು.

"ಇಲ್ಲಮ್ಮ, ನಾನೇ ಕೇಳಿ ತೆಗೆಸ್ಕೊಂಡೆ" ಅಂದೆ. ಆಕೆಯ ಮುಖ ಸಪ್ಪಗಾಯಿತು. "ಅಯ್ಯೋ, ಪ್ರದರ್ಶನದ ಪುಸ್ತಕ ಬೇರೆ ಥರ ಅಚ್ಚಾಗಿಬಿಟ್ಟಿದ್ಯಲ್ಲಾ" ಅಂದಳು. ಅದು ಅವರ ಹಣೆಬರಹ. ಹೂಂ ಅಂದು ಕಳಿಸಿದ್ದೇನೆ. ಅಣ್ಣನಿಗೂ ಹೇಳಿದೆ. ನಿನ್ನೆಯಿಂದ ಅವನು ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಬಿಡಲಿ.

ಆದರೆ ನೀವು ಕೇಳಿದ ಕ್ಷಮೆಯನ್ನು ನಾನು ಕೊಡಲಾರೆ. ಅದನ್ನು ಕೇಳಬೇಕಾದವಳು ನಾನು. ಕೇಳುತ್ತಿದ್ದೇನೆ. ನೀವು ಕೊಡದಿದ್ದರೂ ಅದು ನ್ಯಾಯವೇ.

ನೀವೇನೂ ತಪ್ಪು ಮಾಡಿಲ್ಲ. ಇರುವಷ್ಟು ದಿನ ತಲೆಯೆತ್ತಿಕೊಂಡು ಬಾಳಿ.

ಇಂತಿ,
ಅಂದು ಬಾಯಿ ಬಿಡದೆ ನಿಂತವಳು