ಹೂಂಗುಟ್ಟಿದ್ದೇ ತಪ್ಪಂತೆ

ಮುಲುಂಡ್, ೧೯೫೬

ಅವ್ವಾ, ಶರಣು. ನಿನ್ನ ಮೊಮ್ಮಗಳು ದಾನವ್ವನ ಕೆಮ್ಮು ಹೋಗಿದೆ, ನನ್ನ ಸಿಟ್ಟು ಹೋಗಿಲ್ಲ. ನಿನ್ನೆ ಅವಳನ್ನು ಇಲ್ಲಿನ ಫೋರ್ಟ್ ಪೇಟೆಗೆ, ಜರ್ಮನ್ ಮಕ್ಕಳ ಪುಸ್ತಕಗಳ ಪ್ರದರ್ಶನಕ್ಕೆ ಕರೆದೊಯ್ದಿದ್ದೆ. ಏನು ಕಾಗದ, ಏನು ಬಣ್ಣ! ಜರ್ಮನ್ ಹೆಂಗಸೊಬ್ಬರು ಹರುಕುಮುರುಕು ಹಿಂದಿಯಲ್ಲಿ ಕಥೆ ಹೇಳತೊಡಗಿದರು. ನಿನ್ನ ಕಥೆ ಕೇಳುವ ರೂಢಿಯಲ್ಲೇ ಇವಳು ಮಾತುಮಾತಿಗೂ ಹೂಂಗುಟ್ಟಿದಳು. ಸಭೆಯ ಅಧ್ಯಕ್ಷರು ನಮ್ಮ ಧಾರವಾಡದವರೇ. "ಏ ಹುಡುಗಿ, ಬಾಯಿ ಮುಚ್ಚು! ಪರದೇಶದವರು ಏನಂದಾರು?" ಎಂದು ಗದರಿದರು.

"ಹೂಂ ಅನ್ನಲಿಲ್ಲಂದ್ರ ಕಥಿ ಮುಂದ ಹೆಂಗ ಹೋಗತೈತ್ರಿ?" ಎಂದಳು ಇವಳು.

ಕೊನೆಗೆ ಅದೇ ಮಹಾಶಯರ ಭಾಷಣ: "ಜರ್ಮನರಲ್ಲಿ ಇಷ್ಟೊಂದಿದೆ, ನಮ್ಮಲ್ಲಿ ಮಕ್ಕಳ ಸಾಹಿತ್ಯವೇ ಇಲ್ಲ!" ಹಾಗಾದರೆ ನೀನು ನಮಗೆ ಹೇಳಿದ್ದೆಲ್ಲ ಏನು, ಹರಟೆಯೇ? ಸಭೆಯೆಲ್ಲ ಹೌದೌದೆಂದು ತಲೆಯಾಡಿಸಿತು. ದಾನವ್ವ ಮಾತ್ರ ಹೂಂ ಅನ್ನಲಿಲ್ಲ.

ನಿನ್ನ ನೀಲವ್ವ