ಕೆಂಪು ದಾರದ ಚಾಕು

ಹೈಫಾ

ಮ್ಯೂಸಿಯಂನ ಮೇಲ್ವಿಚಾರಕರಿಗೆ,

ನಿನ್ನೆ ಮೊಮ್ಮಗಳು ಕಂಪ್ಯೂಟರಿನಲ್ಲೇ ನನಗೆ ನಿಮ್ಮ ಮ್ಯೂಸಿಯಂ ಸುತ್ತಿಸಿದಳು. ಗ್ರೀಸಿನ ಸಲೋನಿಕಾದ ಯೆಹೂದಿ ಮನೆಯೊಂದರ ಚಾಕುವಿನ ಕೆಳಗೆ ನೀವು ಬರೆದದ್ದು ತಪ್ಪಾಗಿದೆ. ಹಿಡಿಯ ಕೆಂಪು ದಾರ ದೃಷ್ಟಿ ತಾಗದಿರಲೆಂದು ಕಟ್ಟಿದ್ದಲ್ಲ. ಅದು ಮಾಂಸದ ಚಾಕು. ಯೆಹೂದಿಗಳು ಅದನ್ನು ಹಾಲಿನ ಪದಾರ್ಥಕ್ಕೆ ತಾಗಿಸುವಂತಿಲ್ಲ. ಆ ಮನೆಯ ಎಡಚಿ ಹುಡುಗಿ ಒಮ್ಮೆ ಅದರಲ್ಲೇ ಚೀಸ್ ಕೊಯ್ದಳು. "ಇಷ್ಟು ದೊಡ್ಡವಳಾದ್ರೂ ಗೊತ್ತಾಗಲ್ವೇನೇ? ನೀನೇ ಒಂದು ಗುರುತು ಕಟ್ಟು," ಎಂದು ತಾಯಿ ಬೈದರು. ಅವಳು ಕಟ್ಟಿದಳು. ಗಂಟು ಉಲ್ಟಾ ಇರುವುದು ಅದಕ್ಕೇ.

"ನಾಜಿಗಳ ಕೈಯಿಂದ ಈ ಕುಟುಂಬದವರು ಯಾರೂ ಬದುಕುಳಿಯಲಿಲ್ಲ" ಎಂಬ ಕೊನೆಯ ಸಾಲನ್ನೂ ದಯವಿಟ್ಟು ತಿದ್ದಿ.

ಚಾಕು ನನಗೆ ಬೇಡ. ದಾರ ಮಾತ್ರ ಬಿಚ್ಚಬೇಡಿ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ನಾನು ಈಗಲೂ ಎಡಗೈಯಲ್ಲೇ ಬರೆಯುವುದು.

ಇತಿ,
ಅಲೆಗ್ರಾ ನಹ್ಮಿಯಾಸ್